‘ಲೂಸನ್’ ಅಂದ್ರೆ ಬಿಚ್ಚೋದಾ, ಸಡಿಲ ಮಾಡೋದಾ? ಮತ್ತೆ ಈ ‘ಅನ್‌ಲೂಸನ್’ ಏನು?

ಪದಗುಬ್ಬಿ:
ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಕಥೆ ಕವನ ಅಲ್ಲ, ಮಿಕ್ಸಿ, ಗೀಸರ್, ಪಂಪ್‌ಸೆಟ್ಟುಗಳ ಜೊತೆ ಡಬ್ಬದಲ್ಲಿ ಬರುವ ಕೈಪಿಡಿಗಳು. ಈ ವಾರ ಒಂದು ಕಾರಿನದು ಬಂದಿದೆ. ಪಂಕ್ಚರ್ ಆದಾಗ ಸ್ಟೆಪ್ನಿ ಹಾಕುವುದು ಹೇಗೆ ಅಂತ ಅದರಲ್ಲಿ ಒಂದು ಪುಟ. ಮೊದಲು ವೀಲ್ ನಟ್‌ಗಳನ್ನು ‘ಲೂಸನ್’ ಮಾಡಿ ಅಂತಿದೆ. ಜಾಕಿ ಏರಿಸಿದ ಮೇಲೆ ಅದೇ ನಟ್‌ಗಳನ್ನು ‘ರಿಮೂವ್’ ಮಾಡಿ ಅಂತಿದೆ. ನಾನು ಎರಡೂ ಕಡೆ ‘ಬಿಚ್ಚಿ’ ಅಂತ ಬರೆದು ಕಳಿಸಿಬಿಟ್ಟೆ. ತಿದ್ದುವವರು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ದಾರೆ. ಪಕ್ಕದಲ್ಲಿ ಒಂದೇ ಸಾಲು: ‘ಬಿಚ್ಚಿದ್ದನ್ನೇ ಮತ್ತೆ ಬಿಚ್ಚುವುದು ಹೇಗೆ?’

ತಪ್ಪು ನನ್ನದೇ, ಒಪ್ಪಿದೆ. ಆದರೆ ‘ಸಡಿಲಿಸಿ’ ಅಂತ ಬರೆಯಲು ಕೈ ಬರುತ್ತಿಲ್ಲ. 2020ರಲ್ಲಿ ಪೇಪರ್ ತುಂಬ ‘ಲಾಕ್‌ಡೌನ್ ಸಡಿಲಿಕೆ’ ಓದಿ ಓದಿ, ಅದು ಸರ್ಕಾರ ಮಾತ್ರ ಮಾಡುವ ಕೆಲಸ ಅನ್ನಿಸಿಬಿಟ್ಟಿದೆ. ನಟ್ಟು ಬೋಲ್ಟಿಗೆ ಹೊಂದುತ್ತದಾ?

ಇನ್ನೊಂದು ಅನುಮಾನ. ನಮ್ಮ ಅತ್ತೆಯವರ ಹತ್ತಿರ ಹೆಣಿಗೆಯ ಹಳೇ ಇಂಗ್ಲಿಷ್ ಪುಸ್ತಕ ಇದೆ. ಅದರಲ್ಲಿ ಉಲ್ಲನ್ ಗಂಟನ್ನು ‘ಅನ್‌ಲೂಸನ್’ ಮಾಡಿ ಅಂತ ಒಂದು ಕಡೆ ಇದೆ. ‘ಅನ್’ ಬಂದರೆ ವಿರುದ್ಧಾರ್ಥ ಅಲ್ವಾ? ಅಂದರೆ ಬಿಗಿ ಮಾಡಬೇಕಾ?

ಗ್ಯಾರೇಜ್ ಗಣಪ:
ಮೇಡಂ, ಆ ತಿದ್ದುವವರಿಗೆ ನನ್ನ ಲೆಕ್ಕದಲ್ಲಿ ಒಂದು ಟೀ ಕುಡಿಸಿ. ಇದು ಬರೀ ಪದದ ವಿಷಯ ಅಲ್ಲ, ಕಾಲ ಮೇಲೆ ಕಾರು ಕೂರುವ ವಿಷಯ.

ಗಾಲಿ ನೆಲದ ಮೇಲೆ ಕೂತಿರುವಾಗಲೇ ನಟ್‌ನ ಬಿಗಿ ಮುರಿಯಬೇಕು. ಯಾಕಂದ್ರೆ ಆಗ ಕಾರಿನ ಭಾರಕ್ಕೆ ಗಾಲಿ ಅಲ್ಲಾಡುವುದಿಲ್ಲ, ನೀವು ಹಾಕಿದ ಬಲ ಪೂರ್ತಿ ನಟ್ಟಿಗೆ ಹೋಗುತ್ತದೆ. ಜಾಕಿ ಏರಿಸಿ ಆಮೇಲೆ ಪಾನ (ಸ್ಪ್ಯಾನರ್) ಹಾಕಿದರೆ ನಟ್ಟಿನ ಜೊತೆ ಗಾಲಿಯೂ ತಿರುಗುತ್ತದೆ. ತಿರುಗಲಿಲ್ಲ ಅಂತ ಜೋರಾಗಿ ಜಗ್ಗಿದರೆ ಕಾರು ಜಾಕಿ ಮೇಲಿಂದ ಜಾರಬಹುದು. ಅದಕ್ಕೇ ಮೊದಲು ಸ್ವಲ್ಪ. ಪೂರ್ತಿ ಬಿಚ್ಚುವುದು ಗಾಲಿ ನೆಲ ಬಿಟ್ಟ ಮೇಲೆ. ನೆಲದ ಮೇಲೇ ಎಲ್ಲ ನಟ್ಟೂ ತೆಗೆದಿಟ್ಟರೆ ಗಾಲಿಯನ್ನು ಹಿಡಿಯುವವರು ಯಾರು?

ನಮ್ಮ ಹುಡುಗರಿಗೆ ನಾನು ಹೇಳುವುದು ‘ಲೂಸ್ ಮಾಡಿ ಬಿಡು, ತೆಗೀಬೇಡ’ ಅಂತ. ಅಷ್ಟೇ. ಅವರಿಗೆ ಅರ್ಥ ಆಗುತ್ತದೆ. ಕೈಪಿಡಿಗೆ ಏನು ಬರೆಯಬೇಕೋ ಓದಿದವರು ಹೇಳಲಿ.

ತುರುವೇಕೆರೆ ಟೈಗರ್:
ಗಣಪಣ್ಣ ಹೇಳಿದ್ದು ಓದಿ ನಮ್ಮ ತಾತ ನೆನಪಾದರು. ನನಗಾಗ ಒಂಬತ್ತೋ ಹತ್ತೋ ವರ್ಷ. ಬದುವಿನ ಮೇಲೆ ಹಸು ಕಟ್ಟಿತ್ತು. ಹಗ್ಗ ಗಿಡ್ಡ, ಹುಲ್ಲು ಆಚೆ. ತಾತ ಮರದ ಕೆಳಗೆ ಕೂತು ಬೀಡಿ ಹಚ್ಚುತ್ತಾ, ‘ಲೇ, ಹಗ್ಗ ವಸಿ ಸಡ್ಲ ಮಾಡ್ಲಾ’ ಅಂದರು. ನಾನು ಹೋಗಿ ಗೂಟದ ಗಂಟನ್ನೇ ಬಿಚ್ಚಿದೆ. ಬಿಚ್ಚಿ ಮತ್ತೆ ಕಟ್ಟೋಣ ಅನ್ನುವಷ್ಟರಲ್ಲಿ ಹಗ್ಗ ನನ್ನ ಕೈಯಲ್ಲಿರಲಿಲ್ಲ. ಹಸು ಪಕ್ಕದವರ ರಾಗಿ ಪೈರಿನ ನಡುವೆ ಇತ್ತು.

ಸಂಜೆ ಪಕ್ಕದವರು ಮನೆ ಮುಂದೆ ಬಂದು ಕೂಗಾಡಿದರು. ತಾತ ನನಗೆ ಹೊಡೆಯಲಿಲ್ಲ. ‘ಸಡ್ಲ ಮಾಡು ಅಂದ್ರೆ ಗಂಟು ಇರ್ಬೇಕು, ಹಗ್ಗ ಆಡ್ಬೇಕು’ ಅಂದರು. ನನ್ನ ಮಟ್ಟಿಗೆ ‘ಲೂಸನ್’ಗೆ ಇದಕ್ಕಿಂತ ಒಳ್ಳೆ ಅರ್ಥ ಇಲ್ಲ.

ಅಂದಹಾಗೆ ಮೇಡಂ, ‘ಸಡಿಲ’ ಪೇಪರ್ ಪದ ಅಲ್ಲವೇ ಅಲ್ಲ. ನಮ್ಮೂರಲ್ಲಿ ಪಂಚೆಯೂ ಸಡ್ಲ, ನೇಗಿಲ ಕಣ್ಣಿಯೂ ಸಡ್ಲ.

ನಿವೃತ್ತ ಮೇಷ್ಟ್ರು:
ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು ನಾನು. ತಾತನ ವಿವರಣೆಗೆ ಪೂರ್ತಿ ಅಂಕ.

ಈಗ ‘ಅನ್‌ಲೂಸನ್’ಗೆ ಬರೋಣ. ಗುಬ್ಬಿ ಅವರೇ, ಗಂಟನ್ನು ಬಿಗಿ ಮಾಡಬೇಡಿ, ನಿಮ್ಮ ಅತ್ತೆ ಬೈದಾರು. ‘ಅನ್‌ಲೂಸನ್’ ಅಂದರೂ ಸಡಿಲಿಸುವುದೇ. ಇಂಗ್ಲಿಷಿನಲ್ಲಿ ‘ಅನ್’ ಎರಡು ಬಗೆ. ಗುಣವಾಚಕದ ಮೊದಲಲ್ಲಿ ಅಂಟಿದರೆ ‘ಅಲ್ಲ’ ಅಂತ ಅರ್ಥ: ಹ್ಯಾಪಿ, ಅನ್‌ಹ್ಯಾಪಿ. ಕ್ರಿಯಾಪದಕ್ಕೆ ಅಂಟಿದರೆ ಕಟ್ಟಿದ್ದನ್ನು ಬಿಡಿಸುವ, ಮಾಡಿದ್ದನ್ನು ಕಳಚುವ ಅರ್ಥ: ಟೈ, ಅನ್‌ಟೈ. ಈಗ ‘ಲೂಸನ್’ನಲ್ಲಿ ಬಿಡಿಸುವ ಅರ್ಥ ಮೊದಲೇ ಇದೆ. ಅದರ ಮೇಲೆ ಇನ್ನೊಂದು ‘ಬಿಡಿಸು’ ಬಂದು ಕೂತರೆ ವಿರುದ್ಧ ಆಗುವುದಿಲ್ಲ, ಒತ್ತು ಬೀಳುತ್ತದೆ ಅಷ್ಟೇ. ಯಾರೋ ಬರಹಗಾರ ಕೈತಪ್ಪಿ ಮಾಡಿದ ತಪ್ಪು ಅಂದುಕೊಳ್ಳಬೇಡಿ. ಇದರ ಅಣ್ಣ ‘ಅನ್‌ಲೂಸ್’ 1611ರ ಇಂಗ್ಲಿಷ್ ಬೈಬಲ್ಲಿನಲ್ಲೇ ಇದೆ, ಪಾದರಕ್ಷೆಯ ಬಾರು ಬಿಚ್ಚುವ ಮಾತು ಬರುವ ಕಡೆ. ‘ರಾವೆಲ್’ ಮತ್ತು ‘ಅನ್‌ರಾವೆಲ್’ ಕೂಡ ಹೀಗೆಯೇ, ಎರಡಕ್ಕೂ ಸಿಕ್ಕು ಬಿಡಿಸುವ ಅರ್ಥ ಇದೆ. ಅದರಲ್ಲೂ ‘ರಾವೆಲ್’ಗೆ ಸಿಕ್ಕು ಮಾಡುವ ಅರ್ಥವೂ ಇದೆ. ಅದು ಬೇರೆಯೇ ತಲೆನೋವು.

ಆದರೆ ಕೈಪಿಡಿಯಲ್ಲಿ ನೀವು ಇಂಗ್ಲಿಷ್ ಬರೆಯಬೇಕಾಗಿ ಬಂದರೆ ‘ಲೂಸನ್’ ಸಾಕು. ‘ಅನ್‌ಲೂಸನ್’ ಓದಿದವರು ನಿಮ್ಮ ಹಾಗೇ ಪಾನ ಹಿಡಿದು ಯೋಚಿಸುತ್ತಾ ನಿಲ್ಲುತ್ತಾರೆ.

ಕಾಫಿಪುಡಿ:
ಮೇಷ್ಟ್ರೇ, ನಮ್ಮಲ್ಲೂ ಇದೆಯಲ್ಲ! ‘ರಿಟರ್ನ್ ವಾಪಸ್ ಕೊಡಿ’, ‘ಮಧ್ಯ ಸೆಂಟರಲ್ಲಿ ನಿಲ್ಲಿಸಿ’. ಎರಡು ಸಲ ಹೇಳಿದರೆ ಅರ್ಥ ತಿರುಗಿಬೀಳಲ್ಲ.

ನಿವೃತ್ತ ಮೇಷ್ಟ್ರು:
ಶಭಾಷ್. ನಾನು ಕ್ಲಾಸಿನಲ್ಲಿ ಇದ್ದಾಗ ಈ ಉದಾಹರಣೆ ಹೊಳೆಯಲಿಲ್ಲವಲ್ಲ.

ಹುಬ್ಬಳ್ಳಿ ಗಿರ್ಮಿಟ್:
ನಮ್ಮ ಕಡೆ ನಟ್ ‘ಢಿಲ್ಲಾ’ ಮಾಡ್ತೀವ್ರಿ. ಗಾಳಿಪಟದ ದಾರ ಬಿಡೋದಕ್ಕೂ ‘ಢೀಲ್ ಬಿಡು’. ಸಡ್ಲ ಅಂದ್ರೂ ನಡೀತದ. ‘ಲೂಸ್’ ಅಂದ್ರ ಮಾತ್ರ ಮಂದಿ ತಿರುಗಿ ನೋಡ್ತಾರ್ರಿ, ಯಾರಿಗ್ ಅಂದಿ ಅಂತ.

ಕಾಫಿಪುಡಿ:
ಹಹ್ಹಾ, ಇದಕ್ಕೆ ನನ್ನದೊಂದು ಕಥೆ. ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ. ಬಹಳ ಬಿಗಿ. ವಿಡಿಯೊ ಕಾಲ್‌ನಲ್ಲೂ ಎದ್ದು ನಿಂತೇ ಮಾತಾಡುತ್ತಿದ್ದ. ಅಮೆರಿಕದ ಮ್ಯಾನೇಜರ್ ನಗುತ್ತಾ ಅವನಿಗೆ ‘ಲೂಸನ್ ಅಪ್’ ಅಂದಳು. ಕಾಲ್ ಮುಗಿದ ಮೇಲೆ ಅವನ ಮುಖ ಇಷ್ಟಗಲ ಊದಿತ್ತು. ‘ಎಲ್ಲರ ಮುಂದೆ ನನ್ನನ್ನು ಲೂಸು ಅಂದ್ರಲ್ಲ ಅಣ್ಣಾ’ ಅಂದ. ಬಿಗುಮಾನ ಬಿಟ್ಟು ಆರಾಮಾಗಿರು ಅಂದಿದ್ದು ಅಂತ ಅವನಿಗೆ ತಿಳಿಹೇಳಲು ಎರಡು ಕಾಫಿ ಖರ್ಚಾಯಿತು.

ಕನ್ನಡದಲ್ಲಿ ‘ಲೂಸು’ ತನ್ನದೇ ಸಂಸಾರ ಹೂಡಿದೆ ನೋಡಿ. ತಲೆಯ ಸ್ಕ್ರೂ ಸಡಿಲ ಅನ್ನುವ ಮಾತಿನಿಂದಲೋ ಏನೋ ಹುಚ್ಚ ಆಯಿತು. ಅಂಗಡಿಯಲ್ಲಿ ‘ಲೂಸ್ ಎಣ್ಣೆ’ ಅಂದರೆ ಪ್ಯಾಕೆಟ್ಟಿಲ್ಲದ ಎಣ್ಣೆ. ಎಣ್ಣೆಯೇನು ಬಿಗಿಯಾಗಿರುತ್ತದಾ?

ಮ್ಯಾಂಚೆಸ್ಟರ್ ಮಂಗಳಗೌರಿ:
‘ಲೂಸ್ ಮೋಷನ್’ ಮರೆತಿರಲ್ಲ! ನಾನಿಲ್ಲಿ ನರ್ಸ್. ಬಂದ ಹೊಸದರಲ್ಲಿ ಒಬ್ಬ ಪೇಷಂಟ್ ಬಗ್ಗೆ ವಾರ್ಡ್ ಸಿಸ್ಟರ್‌ಗೆ ‘ಲೂಸ್ ಮೋಷನ್ ಆಗ್ತಿದೆ’ ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಎರಡು ಸಲ ಕೇಳಿಸಿಕೊಂಡು, ರೋಗಿಯ ಕೈಕಾಲು ಹೇಗೆ ಆಡುತ್ತಿದೆ ಅಂತ ನೋಡಲು ಹೊರಟಳು. ಅಲ್ಲಿ ನಾವು ದಿನಾ ಆಡುವ ಮಾತು ಇಲ್ಲಿ ತಟ್ಟನೆ ತಲುಪುವುದಿಲ್ಲ. ಮಲಬದ್ಧತೆಗೆ ಕೊಡುವ ‘ಲ್ಯಾಕ್ಸೆಟಿವ್’ ಇದೆಯಲ್ಲ, ಅದರ ಬೇರಿಗೂ ಸಡಿಲಿಸು ಅಂತಲೇ ಅರ್ಥ, ಲ್ಯಾಟಿನ್‌ನಿಂದ ಬಂದಿದ್ದು. ‘ರಿಲ್ಯಾಕ್ಸ್’ ಕೂಡ ಅದೇ ಮನೆತನ.

ಪದಗುಬ್ಬಿ ಅವರೇ, ಒಂದು ಎಚ್ಚರ. ಎಲ್ಲ ಕಡೆ ‘ಸಡಿಲಿಸಿ’ ಅಂತ ಹಾಕಿಬಿಡಬೇಡಿ. ಇಂಗ್ಲಿಷಿನಲ್ಲಿ ಕೆಮ್ಮಿನ ಸಿರಪ್ ಕಫವನ್ನು ‘ಲೂಸನ್’ ಮಾಡುತ್ತದೆ. ನಮ್ಮಮ್ಮನಿಗೆ ‘ಕಫ ಸಡಿಲಿಸುತ್ತೆ’ ಅಂದರೆ ನಗುತ್ತಾರೆ. ಕಫ ಕರಗಬೇಕು. ಹಲ್ಲು ‘ಲೂಸ್’ ಆದರೆ ನಮಗೆ ಹಲ್ಲು ಅಲ್ಲಾಡುತ್ತದೆ.

ಪದಗುಬ್ಬಿ:
ಅಯ್ಯೋ, ಇದು ನಾನು ಯೋಚಿಸಿಯೇ ಇರಲಿಲ್ಲ. ಹಾಗಾದರೆ ಯಾವುದಕ್ಕೆ ಏನು ಹೇಳುತ್ತೇವೆ ಅಂತ ನಿಮ್ಮ ನಿಮ್ಮ ಕಸುಬಿನಿಂದ ಹೇಳಿ, ಬರೆದಿಟ್ಟುಕೊಳ್ಳುತ್ತೇನೆ.

ಸೂಜಿದಾರ:
ಟೈಲರ್ ಮಾತು ಕೇಳಿ. ಗಿರಾಕಿ ಬ್ಲೌಸ್ ತಂದು ‘ಲೂಸ್ ಮಾಡಿಕೊಡಿ’ ಅನ್ನುತ್ತಾರೆ. ನಾವು ಹೊಲಿಗೆ ಬಿಚ್ಚಿ, ಒಳಗೆ ಮಡಚಿದ ಬಟ್ಟೆಯಲ್ಲಿ ಅರ್ಧ ಇಂಚು ಬಿಟ್ಟು ಮತ್ತೆ ಹೊಲಿಯುತ್ತೇವೆ. ನೋಡಿ, ಲೂಸ್ ಮಾಡಬೇಕಾದರೆ ಬಿಚ್ಚಲೇಬೇಕು. ಹೊಲಿಗೆ ಬಿಚ್ಚುವುದು, ಬಟ್ಟೆ ಬಿಡುವುದು. ಸಡಿಲ ಆಗುವುದು ಹಾಕಿಕೊಂಡಾಗ. ತೀರಾ ಜಾಸ್ತಿ ಆದರೆ ಅದು ಸಡಿಲ ಅಲ್ಲ, ದೊಗಳೆ. ಅದಕ್ಕೆ ಬೈಗುಳ ಬೇರೆ.

ಹಿತ್ತಲ ಗಿಡ:
ಗಿಡದ ಬುಡದ ಮಣ್ಣು ಸಡಿಲ ಮಾಡುತ್ತೇವೆ. ಕೆದಕಿ ಹುಡಿ ಮಾಡುವುದು ಅಂತಲೂ ಅನ್ನುತ್ತೇವೆ. ಅಷ್ಟೇ ನನ್ನ ಪಾಲು.

ತಂತಿನಾದ:
ವೀಣೆಯ ತಂತಿಯನ್ನು ನಾವು ‘ಇಳಿಸುತ್ತೇವೆ’. ಬಿರಡೆ ತಿರುಗಿಸಿದಾಗ ಆಗುವುದು ತಂತಿ ಸಡಿಲವಾಗುವುದೇ, ಆದರೆ ಕಿವಿಗೆ ಕೇಳುವುದು ಶ್ರುತಿ ಇಳಿದದ್ದು. ಹಾಗಾಗಿ ಮಾತು ಕಿವಿಯ ಕಡೆ ಹೋಗಿದೆ.

ಶಬ್ದಪಿತ್ತ:
ಸ್ವಲ್ಪ ತಡವಾಗಿ ಬಂದೆ. ನನ್ನ ಹುಚ್ಚು ನಿಮಗೆಲ್ಲ ಗೊತ್ತು, ಬೇರು ಕೆದಕುವುದು. ಸಹಿಸಿಕೊಳ್ಳಿ.

ಹುಬ್ಬಳ್ಳಿಯವರ ಢಿಲ್ಲಾ ಮತ್ತು ತುರುವೇಕೆರೆಯವರ ಸಡ್ಲ ದಾಯಾದಿಗಳು. ಶಾಲೆಯ ವ್ಯಾಕರಣದಲ್ಲಿ ತತ್ಸಮ ತದ್ಭವ ಪಟ್ಟಿ ಉರು ಹೊಡೆದಿದ್ದೆವಲ್ಲ, ಅದರಲ್ಲಿ ‘ಶಿಥಿಲ – ಸಡಿಲ’ ಇತ್ತು. ಅದೇ ಶಿಥಿಲ ಪ್ರಾಕೃತದ ಬಾಯಲ್ಲಿ ಸವೆದು ಹಿಂದಿ, ಮರಾಠಿಗಳಲ್ಲಿ ಢೀಲಾ, ಢಿಲಾ ಆಯಿತು. ಮರಾಠಿ ಉರ್ದುಗಳ ಒಡನಾಟದಲ್ಲಿ ಹುಬ್ಬಳ್ಳಿಗೆ ಬಂತು. ಮೂಲ ಪದ ಮಾತ್ರ ಈಗ ಕಟ್ಟಡಕ್ಕೆ ಸೀಮಿತ. ‘ಶಿಥಿಲಗೊಂಡ ಶಾಲಾ ಕಟ್ಟಡ’ ಅಂತ ಪೇಪರಿನಲ್ಲಿ ಓದುತ್ತೇವೆ. ಒಂದೇ ತಾಯಿಯ ಮೂರು ಮಕ್ಕಳು. ಒಬ್ಬ ಹಗ್ಗ ಹಿಡಿದ, ಒಬ್ಬ ಗಾಳಿಪಟ ಹಾರಿಸಿದ, ಒಬ್ಬ ಬೀಳುವ ಗೋಡೆಗೆ ಒರಗಿ ನಿಂತ.

ಇಂಗ್ಲಿಷಿನ ಕಥೆಯೂ ಥೇಟ್ ಹೀಗೇ. ‘ಲೂಸ್’ ಅನ್ನುವುದು ವೈಕಿಂಗರ ಭಾಷೆಯಾದ ಹಳೇ ನಾರ್ಸ್‌ನ ‘ಲೌಸ್’ನಿಂದ ಬಂತು. ಕಳೆದುಕೊಳ್ಳು ಅನ್ನುವ ‘ಲೂಜ಼್’ ಹಳೇ ಇಂಗ್ಲಿಷಿನದೇ. ಎರಡೂ ಒಂದೇ ಬೇರಿನವು. ಮೂರನೆಯದನ್ನು ಕೇಳಿ. ‘ಫಿಯರ್‌ಲೆಸ್’, ‘ಹೋಮ್‌ಲೆಸ್’ ಇವುಗಳ ಬಾಲದ ‘ಲೆಸ್’ ಇದೆಯಲ್ಲ, ಅದು ಕಡಿಮೆ ಅನ್ನುವ ‘ಲೆಸ್’ ಅಲ್ಲ. ಅದೂ ಈ ಸಡಿಲದ ಬಳಗವೇ, ‘ಬಿಡಿಸಿಕೊಂಡ’ ಅಂತ ಅರ್ಥ. ಭಯ ಕಡಿಮೆ ಇರುವವನಲ್ಲ, ಭಯದಿಂದ ಬಿಡಿಸಿಕೊಂಡವನು. ಜರ್ಮನ್ನಿನಲ್ಲಿ ಅದು ಇವತ್ತಿಗೂ ‘ಲೋಸ್’.

ಇನ್ನೂ ಒಂದು ಹೇಳಿ ಹೋಗುತ್ತೇನೆ. ಗಣಿತದ ಪುಸ್ತಕದಲ್ಲಿ ‘ಕೆಳಗಿನ ಲೆಕ್ಕಗಳನ್ನು ಬಿಡಿಸಿ’ ಅಂತಿರುತ್ತದೆ. ಅಜ್ಜಿ ಒಗಟು ಹೇಳಿ ‘ಬಿಡಿಸು ನೋಡೋಣ’ ಅನ್ನುತ್ತಿದ್ದರು. ಲೆಕ್ಕ ಏನು ಗಂಟಾ ಬಿಡಿಸಲು? ಗಂಟೇ. ಇಂಗ್ಲಿಷಿನ ‘ಸಾಲ್ವ್’ ಬಂದಿದ್ದು ಲ್ಯಾಟಿನ್ನಿನ ‘ಸೊಲ್ವೆರೆ’ಯಿಂದ, ಅದಕ್ಕೂ ಸಡಿಲಿಸು, ಬಿಡಿಸು ಅಂತಲೇ ಅರ್ಥ. ‘ಅನಾಲಿಸಿಸ್’ನಲ್ಲಿರುವ ಗ್ರೀಕ್ ‘ಲ್ಯೂಸಿಸ್’ಗೂ ಬಿಡಿಸುವುದು ಅಂತ ಅರ್ಥ. ನಮ್ಮ ‘ವಿಶ್ಲೇಷಣೆ’ಯನ್ನು ಒಡೆದರೆ? ಶ್ಲೇಷ ಅಂದರೆ ಅಪ್ಪಿಕೊಂಡಿರುವುದು, ವಿಶ್ಲೇಷ ಅಂದರೆ ಅಪ್ಪುಗೆ ಬಿಡಿಸುವುದು. ರೋಮಿನವನಿಗೂ, ಗ್ರೀಕನಿಗೂ, ನಮ್ಮ ಅಜ್ಜಿಗೂ ಕಷ್ಟದ ಪ್ರಶ್ನೆ ಸಿಕ್ಕುಬಿದ್ದ ದಾರದ ಹಾಗೆ ಕಂಡಿದೆ.

ಹುಬ್ಬಳ್ಳಿ ಗಿರ್ಮಿಟ್:
ಭಾರಿ ಹೇಳಿದ್ರಿ ಸರ. ಆದ್ರ ಪಾಪ ಆ ಮೇಡಮ್ಮಾರ ಕಾರು ಇನ್ನೂ ಜಾಕಿ ಮ್ಯಾಲ ಐತಿ.

ಉಸಿರಾಟ:
ಶಿಥಿಲ ಪೂರ್ತಿ ಗೋಡೆಗೆ ಒರಗಿಲ್ಲ, ಶಬ್ದಪಿತ್ತ ಅವರೇ. ನಾನು ಬೆಂಗಳೂರಿನಲ್ಲಿ ಯೋಗ ಹೇಳಿಕೊಡುತ್ತೇನೆ. ಆಸನಕ್ಕೆ ಮೊದಲು ಕುತ್ತಿಗೆ, ಭುಜ, ಮಂಡಿ ತಿರುಗಿಸುತ್ತೇವಲ್ಲ, ಅದಕ್ಕೆ ನಮ್ಮಲ್ಲಿ ‘ಶಿಥಿಲೀಕರಣ ವ್ಯಾಯಾಮ’ ಅಂತಲೇ ಹೆಸರು. ಇಂಗ್ಲಿಷಿನಲ್ಲಿ ಅದು ‘ಲೂಸನಿಂಗ್’. ಪತಂಜಲಿಯ ಯೋಗಸೂತ್ರದಲ್ಲೂ ಆಸನ ಸಿದ್ಧಿಸುವುದು ‘ಪ್ರಯತ್ನ ಶೈಥಿಲ್ಯ’ದಿಂದ ಅಂತಿದೆ. ಪ್ರಯತ್ನ ಬಿಡುವುದಲ್ಲ, ಪ್ರಯತ್ನದ ಬಿಗಿ ಸಡಿಲಿಸುವುದು. ಇಲ್ಲೂ ಅದೇ ತಾತನ ಹಗ್ಗ.

ಆದರೂ ಕ್ಲಾಸಿಗೆ ಬರುವ ವಯಸ್ಸಾದವರ ಮುಂದೆ ನಾನು ಆ ಪದ ಬಳಸುವುದಿಲ್ಲ. ಮೊದಲ ದಿನ ‘ಈಗ ಶಿಥಿಲೀಕರಣ’ ಅಂದಾಗ ಒಬ್ಬರು, ‘ಅದು ಆಗಲೇ ಆಗಿದೆ ಬಿಡಿ’ ಅಂದಿದ್ದರು.

ಮೂರನೇ ಅಂಪೈರ್:
ಕ್ರಿಕೆಟ್ ಇಲ್ಲದೆ ಯಾವ ಚರ್ಚೆ? ಬೌಲರ್ ಸ್ಪೆಲ್ಲಿನ ಮೊದಲ ಬಾಲನ್ನು ಮೈ ಬಿಸಿ ಮಾಡಿಕೊಳ್ಳಲು ಸುಮ್ನೆ ಹಾಗೇ ಹಾಕಿದರೆ ಅದು ‘ಲೂಸನರ್’. ‘ಲೂಸ್ ಬಾಲ್’ ಅಂದರೆ ಸುಲಭವಾಗಿ ಹೊಡೆಯಬಹುದಾದ ಕೆಟ್ಟ ಬಾಲು, ಅದು ಯಾವಾಗ ಬೇಕಾದರೂ ಬೀಳಬಹುದು. ಲೂಸನರ್ ಬರುವುದು ಶುರುವಿನಲ್ಲಿ. ಎರಡಕ್ಕೂ ಬ್ಯಾಟ್ಸ್‌ಮನ್ ಮಾಡುವುದು ಒಂದೇ.

ಕಾಫಿಪುಡಿ:
ಮೇಷ್ಟ್ರೇ, ಒಂದು ಹಳೇ ಗಾಯ. ‘ಲೂಸ್’ಗೆ ಎರಡು ಓ, ಕಳೆದುಕೊಳ್ಳುವುದಕ್ಕೆ ಒಂದು ಓ. ನಾನು ಇಂದಿಗೂ ಉಲ್ಟಾ ಬರೆಯುತ್ತೇನೆ. ಕಾಲೇಜಿನಲ್ಲಿ ಒಬ್ಬಳಿಗೆ ಬರೆದ ಪತ್ರದಲ್ಲಿ ‘ನಿನ್ನನ್ನು ಕಳೆದುಕೊಳ್ಳಲಾರೆ’ ಅನ್ನುವ ಬದಲು ‘ನಿನ್ನನ್ನು ಸಡಿಲಿಸಲಾರೆ’ ಅಂತಾಗಿತ್ತು.

ನಿವೃತ್ತ ಮೇಷ್ಟ್ರು:
ಅರ್ಥ ಅಷ್ಟೇನೂ ಕೆಟ್ಟಿಲ್ಲ ಬಿಡಪ್ಪ.

ಇದು ಇಂಗ್ಲಿಷನ್ನೇ ಹುಟ್ಟಿನಿಂದ ಆಡುವವರೂ ಮಾಡುವ ತಪ್ಪು. ನಮಗೆ ಇನ್ನೊಂದು ಕಾರಣ ಜಾಸ್ತಿ. ಇಂಗ್ಲಿಷಿನಲ್ಲಿ ಇವೆರಡರ ನಡುವೆ ಇರುವ ವ್ಯತ್ಯಾಸ ಕೊನೆಯ ದನಿ ಒಂದೇ. ಸಡಿಲಕ್ಕೆ ‘ಸ್’, ಕಳೆದುಕೊಳ್ಳುವುದಕ್ಕೆ ಜೇನು ಗುಂಯ್‌ಗುಡುವ ‘ಜ಼್’. ಆ ದನಿ ನಮ್ಮ ಅಕ್ಷರಮಾಲೆಯಲ್ಲಿ ಇಲ್ಲ, ಕೆಳಗೆ ಚುಕ್ಕೆ ಇಟ್ಟು ಬರೆಯಬೇಕು. ಹಾಗಾಗಿ ನಮ್ಮ ಕಿವಿಗೆ ಎರಡೂ ‘ಲೂಸ್’. ‘ಲೂಸನ್’ ಹೇಳುವಾಗಲೂ ‘ಸ್’ ಇರಲಿ, ‘ಲೂಜ಼ನ್’ ಅಲ್ಲ.

ಇನ್ನೊಂದು ಚಮತ್ಕಾರ ಇದೆ, ನನಗೆ ಬಹಳ ಇಷ್ಟದ್ದು. ‘ಲೂಸನ್’ನ ಕೊನೆಗಿರುವ ‘ಅನ್’ ಬಾಲ (ಮೊದಲಲ್ಲಿ ಅಂಟುವ ‘ಅನ್’ ಅಲ್ಲ) ಎಲ್ಲ ಪದಕ್ಕೂ ಅಂಟುವುದಿಲ್ಲ. ಡಾರ್ಕ್‌ಗೆ ಡಾರ್ಕನ್, ಶಾರ್ಪ್‌ಗೆ ಶಾರ್ಪನ್, ಟೈಟ್‌ಗೆ ಟೈಟನ್, ಲೂಸ್‌ಗೆ ಲೂಸನ್. ಆದರೆ ಥಿನ್, ಸ್ಲೋ, ಗ್ರೀನ್ ಇವಕ್ಕೆ ಅಂಟಿಸಿ ನೋಡಿ, ಬರುವುದಿಲ್ಲ. ಕ, ಟ, ಪ, ಡ, ಸ, ಫ ಹೀಗೆ ಬಾಯಲ್ಲಿ ಉಸಿರು ತಡೆದೋ ಉಜ್ಜಿಯೋ ಬರುವ ದನಿಯಲ್ಲಿ ಮುಗಿದರೆ ಮಾತ್ರ ಅಂಟುತ್ತದೆ. ‘ಲಾಂಗ್’ ಮೂಗಿನಲ್ಲಿ ಮುಗಿಯುತ್ತದೆ, ಅದಕ್ಕೇ ನೇರವಾಗಿ ಅಂಟದೆ ‘ಲೆಂಗ್ತ್’ ಮಾಡಿಕೊಂಡು ‘ಲೆಂಗ್ತನ್’ ಆಯಿತು. ನಮ್ಮ ‘ಇಸು’ ಎಷ್ಟೋ ಉದಾರಿ. ಸಡಿಲಕ್ಕೂ ಅಂಟುತ್ತದೆ, ಫೋನಿಗೂ ಅಂಟುತ್ತದೆ.

ಇದನ್ನು ಯಾರೂ ಕೇಳಿರಲಿಲ್ಲ. ಆದರೂ ಹೇಳಿದೆ.

ತುರುವೇಕೆರೆ ಟೈಗರ್:
ಗಣಪಣ್ಣ, ನನ್ನದೊಂದು ಅನುಮಾನ. ಲೂಸ್ ಮಾಡಲು ಯಾವಾಗಲೂ ಎಡಕ್ಕೆ ತಿರುಗಿಸಬೇಕು ಅಲ್ವಾ? ಮೊನ್ನೆ ಮನೆಯ ಟೇಬಲ್ ಫ್ಯಾನ್ ತೊಳೆಯೋಣ ಅಂತ ರೆಕ್ಕೆಯ ಮುಂದಿನ ಟೋಪಿ ತಿರುಗಿಸಿದೆ. ಎಡಕ್ಕೆ ತಿರುಗಿಸಿದಷ್ಟೂ ಬಿಗಿ ಆಗುತ್ತಾ ಹೋಯಿತು. ಕೊನೆಗೆ ಇಕ್ಕಳ ಹಾಕಿದೆ, ಪ್ಲಾಸ್ಟಿಕ್ ಟೋಪಿ ಚಟ್ ಅಂತ ಸೀಳಿತು. ಈಗ ಹೆಂಡತಿ ಮಾತಾಡುತ್ತಿಲ್ಲ, ಫ್ಯಾನೂ ಇಲ್ಲ.

ಗ್ಯಾರೇಜ್ ಗಣಪ:
ಅದು ಉಲ್ಟಾ ಥ್ರೆಡ್ಡು ಮಾರಾಯ! ಬಹಳಷ್ಟು ಟೇಬಲ್ ಫ್ಯಾನ್‌ಗಳಲ್ಲಿ ಹಾಗೇ ಇರುತ್ತದೆ, ರೆಕ್ಕೆ ತಿರುಗಿ ತಿರುಗಿ ತಾನಾಗೇ ಕಳಚಿಕೊಳ್ಳಬಾರದು ಅಂತ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲ. ಟೋಪಿಯ ಮೇಲೆ ಸಣ್ಣ ಬಾಣದ ಗುರುತು ಇತ್ತೋ ಇಲ್ಲವೋ ನೋಡು. ಸೈಕಲ್ಲಿನ ಎಡಗಡೆ ಪೆಡಲ್ ಕೂಡ ಉಲ್ಟಾನೇ. ಕೆಲಸ ಕಲಿಯುವಾಗ ಎಲ್ಲರೂ ಒಂದೊಂದು ಪೆಡಲ್ ಹಾಳು ಮಾಡಿಯೇ ಮುಂದೆ ಬಂದವರು. ಟೋಪಿ ಎಲೆಕ್ಟ್ರಿಕ್ ಅಂಗಡಿಯಲ್ಲಿ ಬಿಡಿ ಸಿಗುತ್ತದೆ, ಹೋಗಿ ತಾ.

ಸೂಜಿದಾರ:
‘ಬಿಡಿ ಸಿಗುತ್ತದೆ’! ನೋಡಿ, ಲೂಸ್ ಎಣ್ಣೆಗೆ ಕನ್ನಡ ಸಿಕ್ಕಿತು. ಬಿಡಿ ಎಣ್ಣೆ. ಬಿಡಿ ಹೂವು ಅನ್ನಲ್ವಾ ನಾವು?

ಕಾಫಿಪುಡಿ:
ಬಿಡಿ, ಬಿಡಿಸು, ಬಿಡು. ಈ ‘ಬಿಡು’ ಒಂದಿದ್ದರೆ ಕನ್ನಡಿಗ ಎಲ್ಲಿ ಬೇಕಾದರೂ ಬದುಕುತ್ತಾನೆ ಬಿಡಿ.

ಪದಗುಬ್ಬಿ:
ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಹೀಗೆ ತಿದ್ದಿ ಕಳಿಸಿದೆ: ‘ಗಾಲಿ ನೆಲದ ಮೇಲಿರುವಾಗಲೇ ಎಲ್ಲ ನಟ್‌ಗಳನ್ನು ಸಡಿಲಿಸಿ. ಪೂರ್ತಿ ಬಿಚ್ಚಬೇಡಿ. ಜಾಕಿ ಏರಿಸಿ, ಗಾಲಿ ನೆಲ ಬಿಟ್ಟ ಮೇಲೆ ನಟ್‌ಗಳನ್ನು ಬಿಚ್ಚಿ ತೆಗೆಯಿರಿ.’ ‘ಪೂರ್ತಿ ಬಿಚ್ಚಬೇಡಿ’ ಇಂಗ್ಲಿಷಿನಲ್ಲಿ ಇರಲಿಲ್ಲ, ತುರುವೇಕೆರೆಯ ಹಸುವಿನ ನೆನಪಿಗೆ ನಾನೇ ಸೇರಿಸಿದೆ.

ಬೆಳಿಗ್ಗೆ ಮತ್ತೆ ವಾಪಸ್ ಬಂದಿದೆ. ಈ ಸಲ ಕೆಂಪು ಗೆರೆ ಇಲ್ಲ. ‘ಸಡಿಲಿಸಿ ಸರಿ. ಎಷ್ಟು?’ ಅಂತ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಗಣಪಣ್ಣ, ಎಷ್ಟು?

ಗ್ಯಾರೇಜ್ ಗಣಪ:
ಒಂದೊಂದೂ ಅರ್ಧ ಸುತ್ತು, ಹೆಚ್ಚೆಂದರೆ ಒಂದು. ಸಾಲಾಗಿ ಬೇಡ, ಎದುರುಬದುರು ನಟ್ ಹಿಡಿದುಕೊಂಡು ಹೋಗಲಿ. ಮೊದಲು ಹ್ಯಾಂಡ್‌ಬ್ರೇಕ್ ಎಳೆಯಲು ಹೇಳಿದ್ದೀರಾ ನೋಡಿ. ಹೇಳಿಲ್ಲ ಅಂದ್ರೆ ಅದನ್ನು ಎಲ್ಲಕ್ಕಿಂತ ಮೇಲೆ ಹಾಕಿ.

ಪದಗುಬ್ಬಿ:
ಹ್ಯಾಂಡ್‌ಬ್ರೇಕ್ ಇದೆ, ಎರಡನೇ ಸಾಲಿನಲ್ಲಿ. ಮೇಲೆ ಹಾಕುತ್ತಿದ್ದೇನೆ. ಮುಂದಿನ ಪುಟದಲ್ಲಿ ‘ಟೈಟನ್’ ಇದೆ, ‘ಸೆಕ್ಯೂರ್’ ಇದೆ, ‘ಫಾಸನ್’ ಇದೆ. ಮೂರಕ್ಕೂ ‘ಬಿಗಿ ಮಾಡಿ’ ಅಂತ ಬರೆದಿಟ್ಟಿದ್ದೆ, ಈಗ ಕಳಿಸಲು ಭಯ. ಸಂಜೆ ಹೊಸ ಪ್ರಶ್ನೆ ಹಾಕುತ್ತೇನೆ.